ಹಗಲುನಿದ್ದೆ ದೊರೆ

ಕೂಲಿಗಳು ಇಂಜಿನಿಯರನಿಗೆ 'ಹಗಲುನಿದ್ದೆ ದೊರೆ' ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಅವನ ಹೆಂಡತಿಗೆ ಮೈ ಉರಿಯುತ್ತಿತ್ತು. ನಾಲ್ಕು ವರ್ಷ ಪಾತ್ರೆಪಗಡ ಹೇರಿಕೊಂಡು, ಎತ್ತಿನ ಗಾಡಿಯಲ್ಲಿ ಅವನ ಹಿಂದೆ ಆರುನೂರು ಮೈಲಿ ಸವೆಸಿದವಳು ಅವಳು. ಗಂಡ ನಸುಕಿನಲ್ಲೆದ್ದು ಉಕ್ಕಿನ ಪಟ್ಟಿ ಹಿಡಿದು ಹೊಸ ರಸ್ತೆ ಅಳೆದು ಮೈಲಿಗಲ್ಲು ನೆಡಿಸುತ್ತಿದ್ದ. ಬಿಸಿಲೇರಿತೋ, ಪಟ್ಟಿ ಸುತ್ತಿಟ್ಟು ಗಾಡಿಯ ಕೆಳಗೆ ಗೊರಕೆ. ಕೇಳಿದರೆ, "ಪಟ್ಟಿಗೆ ಬಿಸಿಲು ಆಗೋಲ್ಲ ಕಣೇ" ಎನ್ನುತ್ತಿದ್ದ. ಮೈಗಳ್ಳನಿಗೊಂದು ನೆಪ ಎಂದು ಅವಳೂ ಅಂದುಕೊಂಡಿದ್ದಳು.

ರಸ್ತೆ ಮುಗಿದಾಗ, ಕುರ್ಚಿ ಬಿಟ್ಟೇಳದ ಮೇಲಧಿಕಾರಿಯೊಬ್ಬ ಕಡಲಾಚೆಯ ಸರ್ಕಾರದ ಪರವಾಗಿ ತಪಾಸಣೆಗೆ ಬಂದ. ನಡುಮಧ್ಯಾಹ್ನ ತಾನೇ ನಿಂತು ಕೊನೆಯ ಮೈಲಿ ಅಳೆಸಿದ. ಅಳತೆ ಮೈಲಿಗಲ್ಲನ್ನು ದಾಟಿ ಒಂದು ಮೊಳ ಮುಂದೆ ಹೋಯಿತು.

"ನಿದ್ದೆಗಣ್ಣಲ್ಲಿ ಕಲ್ಲು ನೆಟ್ರೇನ್ರೀ? ಮೊಳ ಕಮ್ಮಿ ಇದೆ!"

ಇಂಜಿನಿಯರ್ ಕಲ್ಲಿನ ಪಕ್ಕದಿಂದ ಕದಲಲಿಲ್ಲ. "ಕಾದ ಉಕ್ಕು ಹಿಗ್ಗುತ್ತೆ, ಸ್ವಾಮಿ. ನಾಳೆ ಬೆಳಗ್ಗೆ ತಣ್ಣಗಿರೋವಾಗ ಅಳೀರಿ. ಬೆರಳಗಲ ಹೆಚ್ಚುಕಮ್ಮಿಯಾದ್ರೂ ಈ ಕಲ್ಲನ್ನ ನಾನೇ ಕಿತ್ತು ಹೊರ್ತೀನಿ."

ಮರುದಿನ ಬೆಳಕು ಹರಿಯುತ್ತಲೇ ಅಳೆದರು. ಪಟ್ಟಿಯ ತುದಿ ಕಲ್ಲಿನ ನೆತ್ತಿಯ ಗೀಟಿನ ಮೇಲೆಯೇ ಬಂದು ನಿಂತಿತು. ಅಧಿಕಾರಿ ಬಗ್ಗಿ ನೋಡಿದ, ಮತ್ತೆ ನೋಡಿದ, ಆಮೇಲೆ ಟೋಪಿ ತೆಗೆದ.

"ಆರುನೂರು ಮೈಲೀನೂ ಹೀಗೇನಾ? ಹೇಗೆ ಸಾಧಿಸಿದ್ರಿ?"

ಗಂಡ ಎಂದಿನಂತೆ ಪಟ್ಟಿ ಸುತ್ತತೊಡಗಿದ್ದ. ಹೆಂಡತಿ ಗಾಡಿಯಿಂದಿಳಿದು, ಸೊಂಟದ ಮೇಲೆ ಕೈಯಿಟ್ಟು, ಕೂಲಿಗಳಿಗೆಲ್ಲ ಕೇಳುವಂತೆ ಹೇಳಿದಳು:

"ಹಗಲೆಲ್ಲ ಮಲಗಿ ಸಾಧಿಸಿದ್ರು, ಸ್ವಾಮಿ!"