ಬೀಗಿತ್ತಿಯರ ನೀರಾಟ

ಸೋಮವಾರದಿಂದ ರಸಾಯನಶಾಸ್ತ್ರದ ಟೀಚರ್ ಮತ್ತೆ ಶಾಲೆಗೆ ಹೋಗಬೇಕಿತ್ತು. ಅವಳ ಮಗಳಿಗೆ ಏಳು ತಿಂಗಳು. ವಾರದ ಆರು ದಿನ ಹಗಲು ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತಿಗೆ ಇಬ್ಬರು ಅಜ್ಜಿಯರೂ ಟೊಂಕ ಕಟ್ಟಿ ನಿಂತಿದ್ದರು.

"ನನಗೆ ಕೊಡದಿದ್ದರೆ ಈ ಹೊಸ್ತಿಲು ತುಳಿಯೋದಿಲ್ಲ ಕಣೇ," ಎಂದಳು ಪಕ್ಕದ ಬೀದಿಯಿಂದ ಬಂದ ಅಮ್ಮ. ಹನ್ನೊಂದು ತಿಂಗಳ ಹಿಂದೆ ಅಪ್ಪ ತೀರಿಕೊಂಡ ಮೇಲೆ ಅವಳ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಹಾಗಾದರೆ ನಾನು ಅಡುಗೆಮನೆ ತುಳಿಯೋದಿಲ್ಲ," ಎಂದರು ಅತ್ತೆ.

ಒಬ್ಬರನ್ನು ಆರಿಸಿದರೆ ಇನ್ನೊಬ್ಬರನ್ನು ಕಳೆದುಕೊಂಡಂತೆಯೇ. ಟೀಚರ್ ದೇವರ ಪಟಕ್ಕೆ ಕೈಮುಗಿದು ಹೊರಬರುವಷ್ಟರಲ್ಲಿ ತರಗತಿಯಲ್ಲಿ ಸಮತೋಲನದ ಪಾಠಕ್ಕೆ ಆಡಿಸುವ ಒಂದು ಆಟ ಹೊಳೆಯಿತು. ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಒಂದೇ ಅಳತೆಯ ಎರಡು ಟಬ್ಬು ಇಟ್ಟಳು. ಅಮ್ಮನದು ತುಂಬಿತ್ತು, ಅತ್ತೆಯದು ಖಾಲಿ. ಎಣಿಸಲು ಗಂಡನನ್ನು ನಿಲ್ಲಿಸಿದಳು.

"ನಿಮ್ಮ ಟಬ್ಬಿನಿಂದ ಮೊಗೆದು ಎದುರಿನವರ ಟಬ್ಬಿಗೆ ಸುರಿಯಬೇಕು. ಇವರು ಎಣಿಸಿದಂತೆ ಒಂದೊಂದೇ ಸಲ. ನೀರಿನ ಮಟ್ಟ ಏರಿಳಿಯದೆ ನಿಂತಾಗ ಯಾರಲ್ಲಿ ಕಡಿಮೆ ಇದೆಯೋ ಮಗು ಅವರಿಗೆ. ಸಮ ಬಂದರೆ ಮೂರು ಮೂರು ದಿನ. ಅಡುಗೆಮನೆಯಿಂದ ಏನಾದರೂ ಪಾತ್ರೆ ತನ್ನಿ."

"ತುಂಬಿದ್ದು ನನ್ನ ಪಾಲಿಗೇ ಬಂತಲ್ಲ!" ಅಮ್ಮ ಮುಖ ಊದಿಸಿದಳು.

"ಎಲ್ಲಿಂದ ಶುರು ಮಾಡಿದರೂ ಕೊನೆಗೆ ಒಂದೇ ಅಮ್ಮ," ಎಂದು ಟೀಚರ್ ಒಳಗೊಳಗೇ ನಕ್ಕಳು. ಸಮವೇ ಬರುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು.

ಅತ್ತೆ ದೊಡ್ಡ ಚೊಂಬು ತಂದರು. ಅಮ್ಮ ಕೈಗೆ ಸಿಕ್ಕ ಬಟ್ಟಲು ತಂದಳು. ಗಂಡ ಮಗುವನ್ನು ಎತ್ತಿಕೊಂಡು "ಒಂದು!" ಎಂದ. ಅಮ್ಮ ಸುರಿದಳು. ಅತ್ತೆ ಒಣ ಟಬ್ಬನ್ನು ಕೆರೆದು ಗಾಳಿಯನ್ನೇ ಗಂಭೀರವಾಗಿ ಸುರಿದರು.

"ನಿಧಾನ ಬೀಗಿತ್ತಿ, ಚೆಲ್ಲೀತು!" ಎಂದಳು ಅಮ್ಮ.

ನಲವತ್ತಕ್ಕೆ ಇಬ್ಬರ ಸೆರಗೂ ಸೊಂಟದಲ್ಲಿತ್ತು. ಎಂಬತ್ತಕ್ಕೆ ಚಪ್ಪಲಿ ತೇಲುತ್ತಿತ್ತು. ನೂರರ ಹೊತ್ತಿಗೆ ನೀರಿನ ಮಟ್ಟ ನಿಂತಿತು. ಕೈಗಳು ನಿಲ್ಲಲಿಲ್ಲ. ಅತ್ತೆಯ ಟಬ್ಬಿನ ತೆಳು ನೀರಿನಲ್ಲಿ ಚೊಂಬು ಮುಳುಗದೆ ಒಂದು ಬಟ್ಟಲಿನಷ್ಟೇ ಎತ್ತುತ್ತಿತ್ತು. ಅಮ್ಮನ ಬಟ್ಟಲು ಪ್ರತಿ ಸಲ ತುಂಬಿ ಬರುತ್ತಿತ್ತು. ಹೋದಷ್ಟೇ ನೀರು ಬರುತ್ತಿತ್ತು. ಆದರೆ ಅಮ್ಮನ ಟಬ್ಬಿನಲ್ಲಿ ನೀರು ಎರಡರಷ್ಟಿತ್ತು!

ಟೀಚರ್ ಚೊಂಬನ್ನೂ ಬಟ್ಟಲನ್ನೂ ಬದಲಿಸಿ ಬದಲಿಸಿ ನೋಡಿದಳು. ಶಾಲೆಯಲ್ಲಿ ಪ್ರತಿ ವರ್ಷ ಒಂದೇ ಅಳತೆಯ ಎರಡು ಲೋಟ ಕೊಡುತ್ತಿದ್ದವಳು ಇವತ್ತು ಪಾತ್ರೆಯ ಕಡೆ ಗಮನವನ್ನೇ ಕೊಟ್ಟಿರಲಿಲ್ಲ.

"ಸಮತೋಲನ ಅಂದರೆ ಎರಡೂ ಕಡೆ ಸಮ ಅಂತ ಬರೆದ ಮಕ್ಕಳಿಗೆ ನೀನು ಸೊನ್ನೆ ಹಾಕಿದ್ದೆ ಅಲ್ವಾ?" ಎಂದ ಗಂಡ.

"ಬಾಯಿ ಮುಚ್ಚಿಕೊಂಡು ಎಣಿಸಿ ನೀವು!"

"ಮಗು ನನಗೆ!" ಅತ್ತೆ ಚೊಂಬನ್ನು ಮೇಲೆತ್ತಿದರು. ಅದರಲ್ಲಿದ್ದ ನೀರೆಲ್ಲ ಅವರ ತಲೆಯ ಮೇಲೆಯೇ ಬಿತ್ತು.

ಅಮ್ಮ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದಳು. ಟೀಚರ್ ಹಿಂದೆಯೇ ಧಾವಿಸಿದಳು. ಅಮ್ಮ ತಟ್ಟನೆ ತಿರುಗಿ ಬಂದು, "ಆ ಚೊಂಬು ಕೊಡಿ ಇಲ್ಲಿ," ಎಂದು ಕಿತ್ತುಕೊಂಡು ಅತ್ತೆಯ ಕೈಗೆ ಬಟ್ಟಲು ತುರುಕಿದಳು.

ಮತ್ತೆ ಎಣಿಕೆ. ಅಮ್ಮನ ನೀರು ಸರಸರನೆ ಇಳಿಯಿತು, ಅತ್ತೆಯದು ಏರಿತು, ಆಮೇಲೆ ಎರಡೂ ನಿಂತವು. ಈಗ ಅತ್ತೆಯದು ಎರಡರಷ್ಟು.

"ಅಯ್ಯೋ, ಗೆದ್ದಿದ್ದು ನಾವಲ್ಲ ಬೀಗಿತ್ತಿ, ಈ ಚೊಂಬು!" ಎಂದ ಅಮ್ಮನಿಗೆ ನಗು ಉಕ್ಕಿ ಬಂತು. ಹನ್ನೊಂದು ತಿಂಗಳಾಗಿತ್ತು ಆ ನಗು ಕೇಳಿ. ಈ ನಗು ಕೊಟ್ಟವನು ಮೇಲಿದ್ದಾನೆ ಎಂದುಕೊಂಡು ಟೀಚರ್ ಒದ್ದೆ ಕಲ್ಲಿನ ಮೇಲೆಯೇ ಕುಳಿತುಬಿಟ್ಟಳು.

ಅತ್ತೆಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಾದರೆ ಚೊಂಬು ಯಾರ ಮನೆಯಲ್ಲೋ ಮಗು ಅಲ್ಲಿ. ನಾಳೆ ನೀವು ಇಟ್ಟುಕೊಳ್ಳಿ, ನಾಡಿದ್ದು ನಾನು. ತೊಳೆದು ಕಳಿಸಬೇಕು, ಹೇಳಿದ್ದೀನಿ."

"ನನ್ನ ಮನೆ ಪಾತ್ರೆ ನಿಮ್ಮದಕ್ಕಿಂತ ಫಳಫಳ ಅನ್ನುತ್ತೆ ರೀ!"

ದಿನ ಬಿಟ್ಟು ದಿನವೆಂದರೆ ಮೂರು ಮೂರು. ಟೀಚರ್ ಬೆರಳಲ್ಲಿ ಎಣಿಸಿ ನೋಡಿಕೊಂಡಳು. ಲೆಕ್ಕ ಸರಿಯಿತ್ತು.

ಮನೆಯಲ್ಲಿ ಒದ್ದೆಯಾಗದೆ ಉಳಿದಿದ್ದು ಮಗು ಒಂದೇ. ಅದು ನೀರಿನ ಕಡೆ ಕೈ ಚಾಚಿ ಕೇಕೆ ಹಾಕಿತು. ಅದರ ಪಾದವನ್ನು ಮೊದಲು ಯಾರ ಟಬ್ಬಿನಲ್ಲಿ ಅದ್ದಬೇಕು ಎಂದು ಅಜ್ಜಿಯರಿಬ್ಬರೂ ಮತ್ತೆ ಶುರು ಮಾಡಿದರು.