ಪುರ್ತಗೇರಿಯ ಸಾಟಿ

ಬೆಳಿಗ್ಗೆ ಏಳೂವರೆಗೆ ಅಬ್ಬಿಗೇರಿಯ ಗುರುಸಂಗಪ್ಪನ ಸವಾರಿ ಬಂಡಿ ಪುರ್ತಗೇರಿಯಲ್ಲಿ ಕಳಕಪ್ಪನ ಮನೆಯ ಮುಂದೆ ನಿಂತಿತು. ಧಾರವಾಡದಿಂದ ಬಂದವರೊಬ್ಬರಿಂದ ಅವನಿಗೆ ಸುದ್ದಿ ಮುಟ್ಟಿತ್ತು. ಅವನ ಭಾವೀ ಅಳಿಯ, ಕಳಕಪ್ಪನ ಮಗ ಕನಕಪ್ಪ, ಧಾರವಾಡದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬಿಟ್ಟು ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡಿದ್ದ.

೧೯೫೭ರ ಜೂನ್ ತಿಂಗಳು. ಮಳೆ ಬಿದ್ದು ಎರೆಹೊಲ ಹದಕ್ಕೆ ಬಂದಿತ್ತು. ಹೆಸರು ಬಿತ್ತಲು ಕಳಕಪ್ಪ ಕೂರಿಗೆಯನ್ನು ಅಂಗಳಕ್ಕೆ ತಂದಿಟ್ಟಿದ್ದ. ಬಿತ್ತನೆಯ ಹೊತ್ತಿಗೆ ಬೀಗರ ಬಂಡಿ ಬಂತೆಂದರೆ ಯಾರೋ ಸತ್ತಿರಬೇಕು, ಇಲ್ಲವೆ ಏನೋ ಕೆಟ್ಟಿರಬೇಕು. ಕೆಟ್ಟದ್ದು ಏನೆಂದು ಆ ಮನೆಯಲ್ಲಿ ಕನಕಪ್ಪನನ್ನು ಬಿಟ್ಟರೆ ಅವನ ತಂಗಿ ರೇಣವ್ವನಿಗೆ ಮಾತ್ರ ಗೊತ್ತಿತ್ತು. ಅವಳು ಅಡುಗೆಮನೆಯ ಬಾಗಿಲ ಮರೆಗೆ ಬಂದು ನಿಂತಳು.

ಬಿ.ಎ.ಗೆ ಒಂದು ಮುಖ್ಯ ವಿಷಯ, ಅದರ ಜೊತೆಗೆ ಒಂದು ಸಣ್ಣ ವಿಷಯ. ಸಣ್ಣದಕ್ಕೆ ಕಾಲೇಜಿನವರು ಸಬ್ಸಿಡಿಯರಿ ಎನ್ನುತ್ತಿದ್ದರು. ಇಂಟರ್ ಪಾಸಾಗಿದ್ದ ಕನಕಪ್ಪನಿಗೆ ಇತಿಹಾಸ ಮುಖ್ಯ, ಅರ್ಥಶಾಸ್ತ್ರ ಸಬ್ಸಿಡಿಯರಿ ಎಂದು ಗೊತ್ತುಮಾಡಿದ್ದರು. ಹಾಗೆ ಗೊತ್ತುಮಾಡಿದ್ದು ಕಾಲೇಜಿನಲ್ಲಲ್ಲ, ಗುರುಸಂಗಪ್ಪನ ಪಡಸಾಲೆಯಲ್ಲಿ.

ಎರಡೂ ಮನೆಗಳ ನಡುವೆ ಸಾಟಿ ನಡೆದಿತ್ತು. ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧ. ಗುರುಸಂಗಪ್ಪನ ಮಗಳು ಸುಶೀಲವ್ವ ಕನಕಪ್ಪನಿಗೆ, ರೇಣವ್ವ ಗುರುಸಂಗಪ್ಪನ ಮಗ ಗೋಣೆಪ್ಪನಿಗೆ. ಮುಂದಿನ ಬೇಸಿಗೆಯಲ್ಲಿ ಒಂದೇ ಹಂದರದಲ್ಲಿ ಎರಡೂ ಲಗ್ನ. ಗೋಣೆಪ್ಪನಿಗೆ ಮೂವತ್ತು ದಾಟಿತ್ತು. ಮೊದಲ ಹೆಂಡತಿ ಬೆನ್ನ ಮೇಲೆ ಬಾರುಕೋಲಿನ ಬಾಸುಂಡೆ ಹೊತ್ತು ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಹಿರಿಯರು ಕೂತು ಬಿಡುಗಡೆ ಮಾಡಿಸಿದ್ದರು. ಆಮೇಲೆ ಸುತ್ತಿನ ಹಳ್ಳಿಗಳಲ್ಲಿ ಅವನಿಗೆ ಯಾರೂ ಹೆಣ್ಣು ಕೊಡಲಿಲ್ಲ. ಕಳಕಪ್ಪ ಕೊಡಲು ಒಪ್ಪಿದ್ದು ಮಗನ ನೌಕರಿಗಾಗಿ. ಗುರುಸಂಗಪ್ಪ ರೋಣದ ಕಡೆಯ ಒಂದು ಸಹಕಾರಿ ಸೊಸೈಟಿಯ ಚೇರ್ಮನ್. ಅಳಿಯ ಅರ್ಥಶಾಸ್ತ್ರ ಓದಿ ಬಂದರೆ ಸುಪರ್‌ವೈಜರ್ ಮಾಡುವುದಾಗಿ ಮಾತು ಕೊಟ್ಟಿದ್ದ.

ಯುಗಾದಿಗೆ ಮುಂಚೆ ಎರಡೂ ಮನೆಯ ಹೆಣ್ಣುಮಕ್ಕಳಿಗೆ ಇಳಕಲ್ ಸೀರೆ ಕೊಟ್ಟು ಉಡಿ ತುಂಬಿದ್ದರು. ಆ ಮನೆತನಗಳ ಕಟ್ಟಳೆ ಗಟ್ಟಿಯಾದದ್ದು. ಸಾಟಿಯಲ್ಲಿ ಒಂದು ಗಂಟು ಬಿಚ್ಚಿದರೆ ಎರಡನೆಯದೂ ಬಿಚ್ಚಿದಂತೆ. ಉಡಿಯ ಸೀರೆ ಹಿರಿಯರೆದುರು ಒಮ್ಮೆ ತಿರುಗಿಹೋದರೆ ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ.

ಹಿಂದಿನ ಸಂಜೆ ಮಾಳಿಗೆಯ ಮೇಲೆ ಕನಕಪ್ಪ ತಂಗಿಗೆ ಸುದ್ದಿ ಹೇಳಿದ್ದ. ಇಂಟರ್ ತರಗತಿಯಲ್ಲಿ ಮಾಸ್ತರರು ಒಂದು ಇಂಗ್ಲಿಷ್ ನಾಟಕ ಓದಿದರಂತೆ. ಗಂಟೆ ಹೊಡೆದರೂ ಒಬ್ಬ ಹುಡುಗನೂ ಏಳಲಿಲ್ಲವಂತೆ. "ನನಗೂ ಹಂಗ ಬರೀಬೇಕು ಅನಸ್ತೈತಿ, ರೇಣಿ. ಅದನ್ನ ಪೂರಾ ಓದದ ಹ್ಯಾಂಗ ಬರೀಲಿ?"

"ಮತ್ತ ಆ ನೌಕರಿ?"

"ಆ ನೌಕರಿ ಯಾರಿಗೆ ಬೇಕಾಗೇತಿ?"

ರೇಣವ್ವ ಮುಂದೆ ಕೇಳಲಿಲ್ಲ. ನೌಕರಿ ಇಲ್ಲವೆಂದರೆ ಸಾಟಿ ಇಲ್ಲ, ಸಾಟಿ ಇಲ್ಲವೆಂದರೆ ಗೋಣೆಪ್ಪ ಇಲ್ಲ. ಅಣ್ಣ ಬಾಯಿಬಿಟ್ಟು ಹೇಳದಿದ್ದರೂ ತನ್ನನ್ನು ಉಳಿಸಲೆಂದೇ ಈ ಕೆಲಸ ಮಾಡಿದ್ದಾನೆ ಎಂದು ತಿಳಿದಳು. ಬೆಳಿಗ್ಗೆ ಅವನ ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚು ಹಾಕಿದಳು.

ಗುರುಸಂಗಪ್ಪ ಪಡಸಾಲೆಯ ಕಂಬಳಿಯ ಮೇಲೆ ಕೂತ. ರೇಣವ್ವನ ತಾಯಿ ಮಾಳವ್ವ ಚಹಾ ತಂದಿಟ್ಟಳು. ಅವನು ಕಪ್ಪನ್ನು ಮುಟ್ಟಲಿಲ್ಲ.

"ಚಾ ಕುಡೀರಿ ಬೀಗರ," ಎಂದ ಕಳಕಪ್ಪ.

"ಚಾ ಕುಡ್ಯಾಕ ಬಂದಿಲ್ಲ. ನಿನ್ನ ಮಗಾ ಏನ ಓದಾಕ ಹತ್ಯಾನ, ಗೊತ್ತೈತೇನ ನಿನಗ?"

"ಬಿ.ಎ. ಓದಾಕ ಹತ್ಯಾನ್ರಿ."

"ಬಿ.ಎ. ಅಂದ್ರ ಬರೇ ಚೀಲ. ಒಳಗ ಜ್ವಾಳ ಐತೋ ಹೊಟ್ಟ ಐತೋ, ಬಿಚ್ಚಿ ನೋಡಿಯೇನ?"

ಕಳಕಪ್ಪ ಮಗನ ಕಡೆ ನೋಡಿದ. ಕಂಬಕ್ಕೆ ಒರಗಿದ್ದ ಕನಕಪ್ಪ ನೆಟ್ಟಗೆ ನಿಂತ. "ಇಂಗ್ಲಿಷ್ ಸಾಹಿತ್ಯ ತಗೊಂಡೀನ್ರಿ ಮಾವ."

"ಇಂಗ್ಲಿಷ್ ಎಲ್ಲಾರಿಗೂ ಇರತೈತೆಲ್ಲೋ?"

"ಅದು ಬ್ಯಾರೇರಿ. ಇದು ನಾಟಕ, ಕಾವ್ಯ, ಕಾದಂಬರಿ."

"ನಾಟಕ! ಹೋದ ವರ್ಷ ಗಜೇಂದ್ರಗಡಕ್ಕ ಕಂಪನಿ ಬಂದಿತ್ತು. ನಾಕಾಣೆ ಕೊಟ್ಟು ನೆಲದ ಮ್ಯಾಲೆ ಕುಂತಿದ್ರ ಬೆಳತನಕ ನೋಡಬೌದಿತ್ತು. ಅದಕ್ಕ ಧಾರವಾಡಕ್ಕ ಹೋಗಬೇಕೇನ?"

ಹೊರಗೆ ಬಂಡಿಯವನು ನಕ್ಕದ್ದು ಒಳಗೆ ಕೇಳಿಸಿತು.

"ನೋಡೂದು ಬ್ಯಾರೆ, ಬರಿಯೂದು ಬ್ಯಾರೆ," ಎಂದ ಕನಕಪ್ಪ.

"ಬರದು ಯಾರಿಗೆ ಓದಿ ಹೇಳ್ತಿ? ಸೊಸೈಟಿಗೆ ರೈತರು ಬೀಜ ಕೇಳಾಕ ಬರತಾರ, ಗೊಬ್ಬರ ಕೇಳಾಕ ಬರತಾರ. ನೀ ಅವರಿಗೆ ಕಾವ್ಯ ಅಳದು ಕೊಡಾಂವೇನ?"

"ನನಗ ನಿಮ್ಮ ಸೊಸೈಟಿ ಬ್ಯಾಡ್ರಿ."

ಬಾಗಿಲ ಮರೆಯಲ್ಲಿ ರೇಣವ್ವ ಚೌಕಟ್ಟನ್ನು ಬಿಗಿಯಾಗಿ ಹಿಡಿದಳು. ಅಣ್ಣನ ಬಾಯಿಂದ ಇಷ್ಟು ನೇರವಾದ ಮಾತನ್ನು ಅವಳು ಎಂದೂ ಕೇಳಿರಲಿಲ್ಲ.

"ಬಾಯಿ ಮುಚ್ಚಲೇ ಮಗನ!" ಎಂದು ಕಳಕಪ್ಪ ಎದ್ದು ನಿಂತ.

"ಇರ್ಲಿ ಬಿಡು," ಎಂದ ಗುರುಸಂಗಪ್ಪ. "ಖರೇ ಮಾತು ಹೊರಗ ಬಂತು. ಹಂಗಾದ್ರ ಸಾಟಿ ಇಲ್ಲ. ನನ್ನ ಮಗಳ್ನ ನಾಟಕದವನ ಕೈಗೆ ಕೊಡೂದಿಲ್ಲ."

ಹೀಗೆಂದವನು ಕೂತಲ್ಲಿಂದ ಕದಲಲಿಲ್ಲ. ರೇಣವ್ವ ಅದನ್ನು ಗಮನಿಸಿದಳು. ನಿಜವಾಗಿ ಮುರಿದುಕೊಂಡು ಹೋಗುವವನು ಎದ್ದು ನಿಲ್ಲುತ್ತಾನೆ, ಬಿಚ್ಚಿಟ್ಟ ರುಮಾಲಿಗೆ ಕೈ ಹಾಕುತ್ತಾನೆ. ಇವನು ಕಳಕಪ್ಪ ಕೈಮುಗಿಯುವುದನ್ನು ಕಾಯುತ್ತಿದ್ದ. ಕಳಕಪ್ಪ ಕೈಮುಗಿದೂ ಮುಗಿದ. "ಹುಡುಗ ಐತ್ರಿ ಅದು. ತಿಳಿಲಾರದ ಅಂದೈತಿ. ಹಂಗ ಅನಬ್ಯಾಡ್ರಿ."

ರೇಣವ್ವ ಅಣ್ಣನ ಬೆನ್ನನ್ನೇ ನೋಡುತ್ತಿದ್ದಳು. 'ಹೋಗಲಿ ಬಿಡ್ರಿ' ಎಂಬ ಒಂದು ಮಾತು ಅವನ ಬಾಯಿಂದ ಬರಬೇಕಾಗಿತ್ತು. ಬರಲಿಲ್ಲ.

ಗುರುಸಂಗಪ್ಪನ ದನಿ ತುಸು ಇಳಿಯಿತು. "ಒಂದು ದಾರಿ ಐತಿ. ಈ ಶ್ರಾವಣದಾಗ ಗೋಣ್ಯಾನ ಲಗ್ನ ಒಂದ ಮಾಡಿ ಮುಗಸೂಣು. ಹುಡುಗಿ ನಮ್ಮ ಮನಿಗೆ ಬರಲಿ. ನಿನ್ನ ಮಗಾ ಎರಡು ವರ್ಷ ಏನ ಬೇಕಾದ್ರೂ ಓದಲಿ. ಆಮ್ಯಾಲ ಅವನ ಲಗ್ನ. ತಂಗಿ ನಮ್ಮ ಅಂಗಳದಾಗ ಇದ್ರ ಅಣ್ಣ ತಾನ ಹಾದಿಗೆ ಬರತಾನ."

ಅದು ಒತ್ತೆಯ ಮಾತು ಎಂಬುದು ಎಲ್ಲರಿಗೂ ತಿಳಿಯಿತು. ಕಳಕಪ್ಪ ಮಗನ ಕಡೆ ನೋಡಿದ.

"ನಾ ಇಂಗ್ಲಿಷ್ ಬಿಡೂದಿಲ್ರಿ," ಎಂದ ಕನಕಪ್ಪ.

"ಬಿಡು ಅಂತ ಯಾರಂದ್ರೋ?"

"ಹಂಗಾದ್ರ ಆಗಲ್ರಿ ಮಾವ. ರೇಣಿ ಲಗ್ನ ಮೊದಲ ಮಾಡ್ರಿ."

ರೇಣವ್ವ ಹೊಸ್ತಿಲು ದಾಟಿ ಪಡಸಾಲೆಗೆ ಬಂದಳು. "ಅಣ್ಣಾ, ಏನಂದಿ?"

"ಎಂದರ ಆಗೂದ ಐತೆಲ್ಲ. ಬ್ಯಾಸಗಿಗೆ ಆಗೂದು ಶ್ರಾವಣಕ್ಕಾದ್ರ ಏನಾಕ್ಕೈತಿ?"

"ನೌಕರಿ ಬ್ಯಾಡ ಅಂದೆಲ್ಲ ನಿನ್ನಿ?"

"ನೌಕರಿ ಬ್ಯಾಡ ಅಂದೆ. ಸುಶೀಲಾ ಬ್ಯಾಡ ಅಂದ್ನೇನ?"

"ನನ್ನ ಕೊಟ್ಟಿದ್ದು ಆ ನೌಕರಿ ಸಲುವಾಗಿ."

"ಅದನ್ನ ಅಪ್ಪನ್ನ ಕೇಳು."

"ವಿಷಯ ಬದಲ ಮಾಡುಮುಂದ ನನ್ನ ನೆನಪ ಬಂತೇನ? ಅಷ್ಟ ಹೇಳು."

ಕನಕಪ್ಪ ತಂಗಿಯ ಮುಖ ನೋಡಿಯೇ ಹೇಳಿದ. "ಇಲ್ಲ. ಅದು ನನ್ನ ಓದಿನ ಮಾತು. ಅದರಾಗ ನೀ ಯಾಕ ಬರತಿ?"

ಸುಳ್ಳು ಹೇಳಲಿಲ್ಲ ಅವನು. ಬೆಳಿಗ್ಗೆ ಹಾಕಿದ ಬೆಣ್ಣೆ ನೆನಪಾಗಿ ರೇಣವ್ವನಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು.

ಗುರುಸಂಗಪ್ಪ ನಕ್ಕ. "ಕಳಕಪ್ಪ, ನಿಮ್ಮ ಮನ್ಯಾಗ ಹೆಣಮಕ್ಕಳು ಪಂಚಾಯ್ತಿ ಮಾಡ್ತಾರೇನ? ನಮ್ಮ ಗೋಣ್ಯಾಗ ಇಂಥಾ ಬಾಯಿ ಸೇರೂದಿಲ್ಲ. ಈಗ ತಿಳಿಸಿ ಹೇಳು. ಆಮ್ಯಾಲ ಅವ ತಿಳಿಸಿ ಹೇಳ್ತಾನ."

ರೇಣವ್ವ ಒಳಗೆ ಹೋಗಿ ಟ್ರಂಕು ತೆಗೆದಳು. ಮಗಳ ಕೈಯಲ್ಲಿದ್ದದ್ದನ್ನು ಕಂಡು ಮಾಳವ್ವ ಅವಳ ಮುಂಗೈ ಹಿಡಿದಳು. ಮಗಳ ಮುಖ ನೋಡಿದಳು. ಆಮೇಲೆ ಹಿಡಿತ ಬಿಟ್ಟು ಒಲೆಯ ಕಡೆ ತಿರುಗಿಕೊಂಡಳು.

ಉಡಿಯ ಸೀರೆ, ಅದರ ಮೇಲೆ ಕುಪ್ಪಸದ ಖಣ. ರೇಣವ್ವ ಎರಡನ್ನೂ ಗುರುಸಂಗಪ್ಪನ ಮೊಣಕಾಲಿನ ಹತ್ತಿರ ಕಂಬಳಿಯ ಮೇಲೆ ಇಟ್ಟಳು.

"ಸಾಟಿ ಇಲ್ಲ ಅಂತ ನೀವ ಅಂದ್ರಿ. ಅಪ್ಪ ಕೇಳ್ಯಾನ, ಅವ್ವ ಕೇಳ್ಯಾಳ, ಹೊರಗ ನಿಮ್ಮ ಬಂಡಿಯಾಂವನೂ ಕೇಳ್ಯಾನ. ತಗೊಂಡು ಹೋಗ್ರಿ."

ಗುರುಸಂಗಪ್ಪ ಕೆಂಡ ತಾಗಿದವನಂತೆ ಕಾಲು ಹಿಂದಕ್ಕೆಳೆದ. "ಏ, ಮಾತಿಗೆ ಅಂದದ್ದು ಅದು! ಎತ್ತು, ಎತ್ತು!"

"ಎತ್ತೂದಿಲ್ಲ."

ಕಳಕಪ್ಪ ತಾನೇ ಎತ್ತಲು ಬಾಗಿದ. ಅರ್ಧಕ್ಕೆ ನಿಂತ. ತಿರುಗಿ ಕೊಟ್ಟ ಉಡಿಯ ಸೀರೆಯನ್ನು ಮನೆಯ ಯಜಮಾನನೇ ಎತ್ತಿ ಒಳಗಿಟ್ಟರೆ ಕುಲದವರು ಏನೆನ್ನುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಚಾಚಿದ ಕೈಯನ್ನು ಸೀರೆಗೆ ಹಾಕಲಾರದೆ ಮಗಳ ಕೆನ್ನೆಗೆ ಬಾರಿಸಿದ.

ರೇಣವ್ವ ಕದಲಲಿಲ್ಲ. "ಹೊಡತಾ ತಿಂದ್ರ ಇಲ್ಲೇ ತಿಂತೀನಿ. ಅಬ್ಬಿಗೇರಿಗೆ ಹೋಗಿ ತಿನ್ನೂದಿಲ್ಲ."

ಗುರುಸಂಗಪ್ಪ ಎದ್ದ. ಈ ಸಲ ರುಮಾಲು ಸುತ್ತಿಕೊಂಡು, ಜೋಡು ಮೆಟ್ಟಿ ಹೊರಗೆ ಹೋದ. "ನಿನ್ನ ಮಗಳು ಈ ಮನಿ ಹೊಸ್ತಿಲದಾಗ ಮುದುಕಿ ಆಗಲಿ," ಎಂದು ಬಂಡಿಯಿಂದ ಕೂಗಿದ. ಆದರೂ ಸೀರೆ ಬಿಟ್ಟು ಹೋಗುವಂತಿರಲಿಲ್ಲ. ಬಂಡಿಯವನು ತಲೆ ತಗ್ಗಿಸಿಕೊಂಡು ಬಂದು ಅದನ್ನು ಎತ್ತಿಕೊಂಡು ಹೋದ. ಚಹಾ ಕೆನೆಗಟ್ಟಿ ಹಾಗೆಯೇ ಉಳಿಯಿತು.

ಕನಕಪ್ಪ ಆಗ ತಂಗಿಯ ಕಡೆ ತಿರುಗಿದ. "ನನ್ನ ಲಗ್ನ ಮುರದೀ ನೀ."

"ನಿನ್ನ ಇಂಗ್ಲಿಷ್ ಮುರೀಲಿಲ್ಲೆಲ್ಲ," ಎಂದಳು ರೇಣವ್ವ. "ಹೋಗಿ ಓದು."

ಹದ ಕಾಯುವುದಿಲ್ಲ. ಕಳಕಪ್ಪ ಅಂದೇ ಹೆಸರು ಬಿತ್ತಿದ. ಹೊಲದಿಂದ ಬಂದ ಮೇಲೂ ಮಗಳೊಡನೆ ಮಾತಾಡಲಿಲ್ಲ. ಸೋಮವಾರ ಕನಕಪ್ಪ ಹಾಸಿಗೆ ಸುತ್ತಿಕೊಂಡು ಗಜೇಂದ್ರಗಡಕ್ಕೆ ನಡೆದು ಬಸ್ಸು ಹಿಡಿದ. ಅವನ ಬುತ್ತಿ ಕಟ್ಟಿದವಳು ಮಾಳವ್ವ. ಆ ವರ್ಷ ಅವನ ಸಬ್ಸಿಡಿಯರಿ ಇಂಗ್ಲಿಷ್ ಸಾಹಿತ್ಯವೇ ಆಗಿ ಉಳಿಯಿತು.

ಅದೇ ವಾರ ಅಬ್ಬಿಗೇರಿಯಿಂದ ಒಬ್ಬ ಆಳು ಬಂದು ಸುಶೀಲವ್ವನ ಉಡಿಯ ಸೀರೆಯನ್ನು ಕಟ್ಟೆಯ ಮೇಲಿಟ್ಟು, ನೀರು ಕೂಡ ಕೇಳದೆ ಹೋದ. ಅದನ್ನು ಸುಶೀಲವ್ವ ಒಮ್ಮೆ ಉಟ್ಟಿದ್ದಳು. ಸೆರಗಿನಲ್ಲಿ ಅರಿಸಿನದ ಕಲೆ ಇತ್ತು. ಮಾಳವ್ವ ಅದನ್ನು ಒಗೆದು ಹಿತ್ತಿಲ ಬೇಲಿಯ ಮೇಲೆ ಒಣಹಾಕಿದಳು.