ಅಕ್ಕನ ಮರಳು

ಚಪ್ಪಲಿ ಕೊಡವುತ್ತಿದ್ದಾರೆ ಮತ್ತೆ, ಕಿಟಕಿಯ ಕೆಳಗಿನ ಮೆಟ್ಟಿಲಿಗೆ ಬಡಿದು ಬಡಿದು, ಟಪ್ ಟಪ್, ಎಷ್ಟು ಬಡಿದರೂ ಹೋಗುವುದಿಲ್ಲ ಅದು, ಬೆರಳಿನ ಸಂದಿಯಲ್ಲಿ, ಹಾಸಿಗೆಯಲ್ಲಿ, ಬಚ್ಚಲಿನ ತೂತಿನಲ್ಲಿ, ನನ್ನ ಮರಳು, ನನ್ನ ಮನೆಯ ಮುಂದೆ ಬಂದು ಬೀಳಬೇಕಾಗಿದ್ದ ಮರಳು, ಅಕ್ಕನ ಲಾಡ್ಜಿನ ಅತಿಥಿಗಳು ಅದರ ಮೇಲೆ ಅಂಗಾತ ಬಿದ್ದುಕೊಂಡು ಹೊಟ್ಟೆ ಕಾಯಿಸಿಕೊಳ್ಳುತ್ತಾರೆ, ಕಾಯಿಸಿಕೊಳ್ಳಲಿ, ಸುಟ್ಟು ಕರಕಲಾಗಲಿ — ಪುಟ್ಟೀ, ಊಟಕ್ಕೆ ಬಾರೇ, ಎಲ್ಲರೂ ಕಾಯ್ತಿದಾರೆ, ಕೆಳಗಿನಿಂದ ಅಕ್ಕನ ದನಿ, ಐವತ್ತು ದಾಟಿದವಳನ್ನು ಪುಟ್ಟಿ ಅನ್ನುತ್ತಾಳೆ, ಜನರ ಮುಂದೆ, ಬೇಕೆಂದೇ, ಇವಳು ನನ್ನ ತಂಗಿ, ಪಾಪ, ಸಮುದ್ರ ಮನೆ ತಿಂದುಬಿಡ್ತು, ಈಗ ನಮ್ಮ ಜೊತೇಲೇ ಇದಾಳೆ, ಪಾಪ ಅನ್ನುವಾಗ ಅವಳ ಕತ್ತು ಒಂದು ಕಡೆಗೆ ವಾಲುತ್ತದೆ, ಆ ಕತ್ತನ್ನು ಹಿಡಿದು ನೆಟ್ಟಗೆ ಮಾಡಬೇಕು — ಬಂದೇ ಅಕ್ಕಾ. ಸಮುದ್ರ ತಿಂದುಬಿಟ್ಟಿತಂತೆ, ತಾನಾಗಿಯೇ, ಹಸಿವಾಗಿ. ಅಮ್ಮ ಜಾಗ ಹಂಚಿದಾಗ ಅಕ್ಕನಿಗೆ ಬಂಡೆಯ ಕಡೆ, ನನಗೆ ಪಕ್ಕದ ಮರಳಿನ ಕಡೆ, ಮನೆ ಸಮೇತ, ಕೊನೆಯವರೆಗೂ ಅಮ್ಮನ ಮಗ್ಗುಲು ಬದಲಿಸಿ ಮಲಗಿಸಿದವಳು ನಾನೆಂದು, ಆಗಲೇ ಅಕ್ಕ ಅಂದಿದ್ದಳು, ನಿನಗೆ ಮೆತ್ತನೆ ಮರಳು, ನನಗೆ ಕಾಲು ಕುಯ್ಯೋ ಕಲ್ಲು, ನಗುತ್ತಲೇ ಅಂದಿದ್ದಳು, ನಾನೂ ನಕ್ಕಿದ್ದೆ. ಆಮೇಲೆ ಭಾವ ಲಾರಿಗಟ್ಟಲೆ ಬಂಡೆ ತರಿಸಿದ, ನಮ್ಮಿಬ್ಬರ ಜಾಗ ಕೂಡುವ ಕಡೆಯೇ ದಡದಿಂದ ನೀರಿನೊಳಕ್ಕೆ ಉದ್ದಕ್ಕೂ ಗೋಡೆ ಹಾಕಿಸಿದ, ಲಾರಿಯ ಎದುರು ನಿಂತು ಕೂಗಾಡಿದೆ, ಭಾವ, ಇದು ಬೇಡ, ಮರಳು ನಡೆಯೋ ದಾರಿ ಇದು, ಕಟ್ಟಿದರೆ ನನ್ನ ಮನೆ ಉಳಿಯಲ್ಲ, ಅವನು ಹಲ್ಲುಕಡ್ಡಿ ಬಾಯಿಂದ ತೆಗೆಯದೆ, ಟೀಚರಮ್ಮಾ, ನಿಮ್ಮ ಭೂಗೋಳದ ಪುಸ್ತಕ ಓದೋಕೆ ಸಮುದ್ರಕ್ಕೆ ಅಕ್ಷರ ಬರಲ್ಲ, ಕೂಲಿಯವರೂ ನಕ್ಕರು. ಸಮುದ್ರಕ್ಕೆ ಓದಲು ಬರುತ್ತದೆ, ತಪ್ಪಿಲ್ಲದೆ ಓದಿತು, ಮೊದಲು ದಂಡೆಯ ಬಳ್ಳಿಗಳು, ಆಮೇಲೆ ಬಾವಿ, ಹೋದ ಮಳೆಗಾಲ ಅಡುಗೆಮನೆ, ಬಾಗಿಲು ತೆಗೆದರೆ ಒಲೆಯ ಜಾಗದಲ್ಲಿ ಬರೀ ಗಾಳಿ, ಕೆಳಗೆ ನೊರೆ, ನಗರಸಭೆಯವರು ಬಂದು, ಇನ್ನು ಇಲ್ಲಿ ಇರಬಾರದೆಂದು, ಮುಂಬಾಗಿಲಿಗೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದುಹೋದರು. ಎಲ್ಲ ಭಾವನ ಕೆಲಸ, ಅಕ್ಕನಿಗೆ ಇದರ ತಲೆಬುಡ ಗೊತ್ತಿಲ್ಲ, ಹಾಗಂತ ನಂಬಿಯೇ ಅವಳು ಕೊಟ್ಟ ಈ ಕೋಣೆಯಲ್ಲಿ ಮಲಗುತ್ತೇನೆ, ಆ ನಂಬಿಕೆ ಇಲ್ಲದಿದ್ದರೆ ಅವಳ ಮನೆಯ ನೀರು ಗಂಟಲಲ್ಲಿ ಇಳಿಯುತ್ತಿತ್ತೇ.

ಮೇಜಿನ ತುದಿಯಲ್ಲಿ ಭಾವ, ನನ್ನೆದುರು ಹೊಸದಾಗಿ ಬಂದ ಹಲ್ಲಿನ ಡಾಕ್ಟರು, ಎಲ್ಲರ ಬಾಯನ್ನೂ ಕಸುಬಿನ ಕಣ್ಣಿನಿಂದ ನೋಡುವ ಮನುಷ್ಯ, ಅಕ್ಕ ನಿಂತೇ ಬಡಿಸುತ್ತಿದ್ದಾಳೆ, ಡಾಕ್ಟರು ಕೇಳುತ್ತಾನೆ, ಅಲ್ಲಾ, ಇಷ್ಟು ಅಗಲದ ದಂಡೆ ನಿಮಗೆ ಎಲ್ಲಿಂದ ಬಂತು, ಭಾವ ಬಾಯಿ ತೆರೆಯುವ ಮೊದಲೇ ಅಕ್ಕ ಉಪ್ಪಿನ ಡಬ್ಬಿ ತೆಗೆದು ಮೇಜಿನ ಮೇಲೆ ಗೆರೆಯಾಗಿ ಉದುರಿಸಿದಳು, ನೋಡಿ, ಅಲೆ ಯಾವಾಗ್ಲೂ ಓರೆಯಾಗಿ ಬರತ್ತೆ, ಹೋಗೋವಾಗ ಮಾತ್ರ ನೆಟ್ಟಗೆ ಇಳಿಯತ್ತೆ, ಬರೋವಾಗ ಒಂದು ಕಾಳು ಮರಳನ್ನ ಓರೆಗೆ ಹತ್ತಿಸತ್ತೆ, ಹೋಗೋವಾಗ ನೆಟ್ಟಗೆ ಎಳೀತದೆ, ಹಂಗಾಗಿ ಮರಳು ಕುಡಿದವನ ಥರಾ ಅಂಕುಡೊಂಕಾಗಿ ದಡದುದ್ದಕ್ಕೂ ನಡ್ಕೊಂಡು ಹೋಗತ್ತೆ — ಕುಡಿದವನ ಥರಾ, ಅದು ನನ್ನ ಮಾತು, ತರಗತಿಯಲ್ಲಿ ಮಕ್ಕಳನ್ನು ನಗಿಸಲು ಹೇಳುತ್ತಿದ್ದ ಮಾತು, ಅಮ್ಮನ ಅಡುಗೆಮನೆ, ಈಗ ಇಲ್ಲದ ಅದೇ ಅಡುಗೆಮನೆ, ತಟ್ಟೆಯ ಮೇಲೆ ಸಕ್ಕರೆ ಹರಡಿ ಬೆರಳಿನಿಂದ ತಳ್ಳುತ್ತಾ ತೋರಿಸಿದ್ದೆ, ಅಕ್ಕ ಈರುಳ್ಳಿ ಹೆಚ್ಚುತ್ತಿದ್ದವಳು ನಿಲ್ಲಿಸಿ, ಅಡ್ಡ ಏನಾದ್ರೂ ಇಟ್ರೆ, ಅಂದಳು, ಚಾಕುವನ್ನು ತಟ್ಟೆಗೆ ಅಡ್ಡ ಇಟ್ಟಳು, ಅದರ ಮೈಗೆ ಈರುಳ್ಳಿಯ ಸಿಪ್ಪೆ ಅಂಟಿತ್ತು, ನಾನು ದಡ್ಡಿ, ಪಾಠ ಕೇಳುವವರು ಸಿಕ್ಕರೆ ಸಾಕು ನನಗೆ, ಈ ಕಡೆ ಗುಡ್ಡೆ ಬೀಳತ್ತೆ, ಆ ಕಡೆಗೆ ಬರೋ ಮರಳು ನಿಲ್ಲತ್ತೆ, ಇರೋದನ್ನೂ ಅಲೆ ತಿನ್ನತ್ತೆ ಅಂದೆ, ಅವಳು ಹ್ಞೂಂ ಅಂದಳು, ಮರುವರ್ಷ ಲಾರಿ ಬಂದವು, ಭಾವನಿಗೆ ಎಲ್ಲಿ ಕಟ್ಟಬೇಕು ಎಂದು ಹೇಳಿದ್ದು ಯಾರು, ಭಾವನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು. ನಮ್ಮ ಗೋಡೆ ಅದನ್ನ ಇಲ್ಲೇ ಹಿಡಿದಿಡತ್ತೆ, ಅಕ್ಕ ಉಪ್ಪಿಗೆ ಬೆರಳು ಅಡ್ಡ ಇಟ್ಟು ಮುಗಿಸಿದಳು, ಅಲ್ಲಾ, ಹಾಗಾದ್ರೆ ಗೋಡೆಯ ಆಚೆ ಏನಾಗತ್ತೆ, ಡಾಕ್ಟರು ಕೇಳಿದ, ಅಕ್ಕ ಸೌಟಿನಲ್ಲಿ ಸೂಪು ತೆಗೆದು ನನ್ನ ಬಟ್ಟಲಿಗೆ ಬಾಗಿದಳು, ಆಚೆ ಯಾರೂ ಇಲ್ಲ ಬಿಡಿ, ಅಂದಳು, ಸೌಟು ತುಂಬಿ ತುಳುಕುವಷ್ಟಿತ್ತು, ಅವಳ ಕೈ ಅಲುಗಲಿಲ್ಲ, ಬಿಸಿ ಸೂಪು ಬಟ್ಟಲಿನ ಅಂಚಿನವರೆಗೆ ಬಂದು ಅಲ್ಲೇ ನಿಂತಿತು, ಒಂದು ಹನಿಯೂ ಹೊರಗಿಲ್ಲ.

ನಿನಗೆ ಗೊತ್ತಿತ್ತು, ಅಂದೆ, ಗಟ್ಟಿಯಾಗಿಯೇ, ಡಾಕ್ಟರ ಚಮಚ ಬಾಯಿಯ ಹತ್ತಿರವೇ ನಿಂತಿತು, ಅಕ್ಕಾ, ನಿನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ದೆ ಏನು, ನೀನೇ ಅಲ್ವೇನೇ ಹೇಳ್ಕೊಟ್ಟಿದ್ದು, ಚೆನ್ನಾಗಿ ಹೇಳ್ಕೊಡ್ತೀಯ ನೀನು, ಈ ಸಲ ಕತ್ತು ವಾಲಿಸಲಿಲ್ಲ, ನೇರ ನನ್ನ ಕಣ್ಣಿಗೆ ಕಣ್ಣು ಕೊಟ್ಟಳು, ಅಮ್ಮ ಮನೆ, ಮರಳು ಎರಡೂ ನಿನಗೇ ಬರೆದಾಗ ಆಚೆ ಇನ್ನೊಬ್ಬಳಿದಾಳೆ ಅಂತ ನೀನು ತಿರುಗಿ ನೋಡಿದ್ಯಾ, ನಾನೂ ನೋಡಲಿಲ್ಲ ಅಷ್ಟೇ, ಕುಡಿ, ಆರಿಹೋಗತ್ತೆ. ಭಾವ ತಟ್ಟೆ ನೋಡುತ್ತಿದ್ದ, ಅವಳು ತಿಳಿದೂ ತಿಳಿದೇ ಆ ಜಾಗ ತೋರಿಸಿದ್ದಳೆನ್ನುವುದು ಅವನಿಗೂ ಹೊಸತು, ಅಯ್ಯೋ ಅವನ ಮುಖ, ಇಷ್ಟು ವರ್ಷ ತಪ್ಪು ಮನುಷ್ಯನನ್ನು ಶಪಿಸಿದ್ದೇನೆ. ಎದ್ದೆ, ಕುರ್ಚಿ ಹಿಂದಕ್ಕೆ ಬಿತ್ತು, ಯಾರೂ ಎತ್ತಲಿಲ್ಲ, ಬರಿಗಾಲಲ್ಲಿ ಕಾದ ಮರಳಿನ ಮೇಲೆ, ಅಂಗಾತ ಬಿದ್ದವರ ನಡುವೆ, ಗೋಡೆ ಹತ್ತುವುದೇ ಬೇಡ, ಈ ಕಡೆಯಿಂದ ಮರಳು ಅದರ ತಲೆಯವರೆಗೂ ಬಂದುಬಿಟ್ಟಿದೆ, ಆ ಕಡೆ ಒಂದಾಳು ಆಳ, ಬೋಳು ಕಲ್ಲು, ಕಪ್ಪು ಕೆಸರು, ಅಂಡೂರಿಕೊಂಡು ಇಳಿದೆ, ಮಂಡಿ ತರಚಿತು, ಕೆಂಪು ಗೆರೆಯ ಬಾಗಿಲನ್ನು ಭುಜದಿಂದ ನೂಕಿದೆ, ತೆರೆಯಿತು, ನಡುಮನೆ ಇನ್ನೂ ಇದೆ, ಅಮ್ಮನ ಮಂಚದ ಗುರುತು ನೆಲದ ಮೇಲೆ ಇದೆ, ಇಲ್ಲೇ ಕೂರುತ್ತೇನೆ, ಆಚೆ ಯಾರೂ ಇಲ್ಲ ಅಂದಳಲ್ಲ, ಇದ್ದೇನೆ, ನೋಡಲಿ ಬಂದು, ಕೆಳಗೆ ಅಲೆ ಅಡಿಪಾಯಕ್ಕೆ ಗುದ್ದುತ್ತದೆ, ಸುಣ್ಣ ಉದುರುತ್ತದೆ, ಅಳು ಬಂದರೆ ಅತ್ತುಬಿಡಬಹುದಿತ್ತು, ಬರುತ್ತಿಲ್ಲ, ಅವಳಿಗೆ ಸಿಟ್ಟು ಬಂದಿದ್ದರೆ, ಕೈ ನಡುಗಿದ್ದರೆ, ಮೇಜಿನ ಬಟ್ಟೆಯ ಮೇಲೆ ಒಂದು ಕಲೆ ಬಿದ್ದಿದ್ದರೆ — ಮತ್ತೆ ಗುದ್ದು, ಗೋಡೆ ಬಿರಿಯಿತೇನೋ, ಬಿರಿಯಲಿ — ಸೌಟು ತುಂಬಿತ್ತು, ಹಬೆ ಏಳುತ್ತಿತ್ತು, ಅವಳು ಬಾಗಿದಳು, ಆಚೆ ಯಾರೂ ಇಲ್ಲ, ಕೈ ಅಲುಗಲಿಲ್ಲ, ಅಂಚಿನವರೆಗೆ, ಅಕ್ಕನ ಕೈ, ಅಂಚಿನವರೆಗೆ, ಅಲುಗದ ಕೈ